ಹಳೆಯ ಮ್ಯಾಕ್‌ಗೆ ಹಳೆಯ ಓಎಸ್ ಸಿಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹಳೆಯ ಮ್ಯಾಕ್‌ಗೆ ಅದರ ಕಾಲದ ಆಪರೇಟಿಂಗ್ ಸಿಸ್ಟಂ ಹಾಕಲು ಕೂತವರು ಬಹಳ ಬೇಗ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. "ಆಪಲ್‌ನವರು ಅದನ್ನು ತೆಗೆದುಬಿಟ್ಟಿದ್ದಾರೆ, ಇನ್ನು ಸಿಗಲ್ಲ" ಅಂತ. ಆಮೇಲೆ ಟೊರೆಂಟ್ ಹುಡುಕುತ್ತಾರೆ, ಇಲ್ಲವೇ ಯಾರೋ ಕೊಟ್ಟ ಪೆನ್‌ಡ್ರೈವ್ ಚುಚ್ಚುತ್ತಾರೆ. ಆದರೆ ಆ ತೀರ್ಮಾನ ಹೆಚ್ಚಿನ ಸಲ ತಪ್ಪು. 10.7 ಲಯನ್‌ನಿಂದ ಇವತ್ತಿನವರೆಗಿನ ಆವೃತ್ತಿಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಆಪಲ್‌ನಿಂದಲೇ ಪುಕ್ಕಟೆ ಸಿಗುತ್ತವೆ. ಫೈಲ್ ಅಲ್ಲಿದೆ. ಅದು ನಿಮ್ಮ ಯಂತ್ರಕ್ಕೆ ಬಂದು ಸೇರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಡ್ಡಿಯಾಗಿದೆ. ಆ ಅಡ್ಡಿ ಎಲ್ಲಿದೆ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ.

ಹಳೆಯದೇ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕಾರಣಗಳು ಗಟ್ಟಿಯಾಗಿಯೇ ಇವೆ. 2018ರ ಮೊಹಾವಿ, ಅಂದರೆ 10.14, 32 ಬಿಟ್ ತಂತ್ರಾಂಶ ಓಡಿಸುವ ಕೊನೆಯ ಆವೃತ್ತಿ. ಅದರ ಮುಂದಿನ ಕ್ಯಾಟಲಿನಾಗೆ ಹೋದರೆ ಇನ್‌ಡಿಸೈನ್ ಸಿಎಸ್6 ತೆರೆಯುವುದೇ ಇಲ್ಲ. ಪವರ್‌ಪಿಸಿ ಕಾಲದ ತಂತ್ರಾಂಶ ಬೇಕಿದ್ದರೆ 10.6 ಸ್ನೋ ಲೆಪರ್ಡ್‌ನಲ್ಲೇ ನಿಲ್ಲಬೇಕು. ಅದನ್ನು ಓಡಿಸುತ್ತಿದ್ದ ರೊಸೆಟಾ ಲಯನ್‌ನಲ್ಲಿ ಹೋಯಿತು. ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟ್‌ಗಳಲ್ಲಿ ಪುಟ ಕಟ್ಟಿಟ್ಟ ಪ್ರೆಸ್‌ಗಳಿಗೆ ಇದು ದಿನನಿತ್ಯದ ಮಾತು. ಹಳೆಯ ಪುಸ್ತಕ ಮರುಮುದ್ರಣಕ್ಕೆ ಬಂದಾಗ ಆ ಫೈಲನ್ನು ಅದೇ ತಂತ್ರಾಂಶದಲ್ಲಿ, ಅದೇ ಫಾಂಟ್‌ನಲ್ಲಿ ತೆರೆದರೆ ಮಾತ್ರ ಅಕ್ಷರಗಳು ಸರಿಯಾಗಿ ನಿಲ್ಲುತ್ತವೆ. ಇಂಥವರಿಗೆ "ಹೊಸ ಮ್ಯಾಕ್ ತಗೊಳ್ಳಿ" ಎಂದು ಹೇಳುವುದು ಉತ್ತರವೇ ಅಲ್ಲ.

ಮೊದಲು ನೋಡಬೇಕಾದ್ದು: ಈ ಯಂತ್ರಕ್ಕೆ ಆ ಆವೃತ್ತಿ ಆಗುತ್ತದೆಯೇ?

ಎಷ್ಟೋ ಜನ ಇದನ್ನು ನೋಡದೆ ದಿನಗಟ್ಟಲೆ ಕಳೆಯುತ್ತಾರೆ. ಪ್ರತಿ ಮ್ಯಾಕ್‌ಗೂ ಮೇಲೊಂದು ಮಿತಿ, ಕೆಳಗೊಂದು ಮಿತಿ ಇದೆ. ಮೇಲಿನದು ಎಲ್ಲರಿಗೂ ಗೊತ್ತು, ಕೆಳಗಿನದನ್ನು ಮರೆಯುತ್ತಾರೆ. ಕಾರ್ಖಾನೆಯಿಂದ ಬಂದಾಗ ಯಂತ್ರದಲ್ಲಿ ಯಾವ ಆವೃತ್ತಿ ಇತ್ತೋ ಅದಕ್ಕಿಂತ ಹಳೆಯದು ಅದರಲ್ಲಿ ಓಡುವುದಿಲ್ಲ. ಆ ಹಳೆಯ ಓಎಸ್‌ನಲ್ಲಿ ಈ ಯಂತ್ರದ ಡ್ರೈವರ್‌ಗಳೇ ಇರುವುದಿಲ್ಲ.

ಆವೃತ್ತಿಗಳ ಹೆಸರು ಹಳೆಯದರಿಂದ ಹೊಸದಕ್ಕೆ ಈ ಕ್ರಮದಲ್ಲಿವೆ: ಸ್ನೋ ಲೆಪರ್ಡ್ (10.6), ಲಯನ್ (10.7), ಮೌಂಟನ್ ಲಯನ್ (10.8), ಮ್ಯಾವರಿಕ್ಸ್ (10.9), ಯೊಸೆಮಿಟಿ (10.10), ಎಲ್ ಕ್ಯಾಪಿಟನ್ (10.11), ಸಿಯೆರಾ (10.12), ಹೈ ಸಿಯೆರಾ (10.13), ಮೊಹಾವಿ (10.14), ಕ್ಯಾಟಲಿನಾ (10.15), ಬಿಗ್ ಸರ್ (11), ಮಾಂಟೆರೆ (12). ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಹೆಚ್ಚಾಗಿ ಓಡಾಡುವ ಕೆಲವನ್ನು ನೋಡಿ. 2012ರ ಮಧ್ಯದ 13 ಇಂಚಿನ ಮ್ಯಾಕ್‌ಬುಕ್ ಪ್ರೊ, ಡಿವಿಡಿ ಡ್ರೈವ್ ಇರುವುದು, ಲಯನ್‌ನಿಂದ ಕ್ಯಾಟಲಿನಾವರೆಗೆ ಹೋಗುತ್ತದೆ. 2011ರ ಐಮ್ಯಾಕ್ ಸ್ನೋ ಲೆಪರ್ಡ್‌ನಿಂದ ಹೈ ಸಿಯೆರಾವರೆಗೆ. 2015ರ ಮ್ಯಾಕ್‌ಬುಕ್ ಏರ್ ಯೊಸೆಮಿಟಿಯಿಂದ ಮಾಂಟೆರೆವರೆಗೆ. 2017ರ ಏರ್ ನೋಡಲು ಅದರಂತೆಯೇ ಇದ್ದರೂ ಸಿಯೆರಾಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಬೂಟ್ ಮಾಡಿದಾಗ ಪರದೆಯ ನಡುವೆ ಅಡ್ಡಗೆರೆ ಎಳೆದ ವೃತ್ತ ಬಂದರೆ, ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಪೆನ್‌ಡ್ರೈವ್ ಸರಿ ಇರಬಹುದು, ಫೈಲೂ ಸರಿ ಇರಬಹುದು. ಜೋಡಿ ಮಾತ್ರ ತಪ್ಪು.

ಯಂತ್ರ ಯಾವ ವರ್ಷದ್ದು ಎಂದು ತಿಳಿಯಲು ಹಿಂಬದಿಯ ಸಣ್ಣ ಅಕ್ಷರ ಓದುತ್ತೇವೆ. ಅಲ್ಲೊಂದು ಎಚ್ಚರ ಬೇಕು. "ಎ1278" ಎಂಬ ಸಂಖ್ಯೆ 2008ರಿಂದ 2012ರವರೆಗಿನ 13 ಇಂಚಿನ ಹಲವು ಮಾದರಿಗಳ ಮೇಲಿದೆ. ಅದರಿಂದ ವರ್ಷ ಗೊತ್ತಾಗುವುದಿಲ್ಲ. ಸೀರಿಯಲ್ ನಂಬರ್ ತೆಗೆದುಕೊಂಡು ಆಪಲ್‌ನ ತಾಂತ್ರಿಕ ವಿವರದ ಪುಟದಲ್ಲಿ ಹಾಕಿ ನೋಡಿ. ಮ್ಯಾಕ್‌ಟ್ರ್ಯಾಕರ್ ಎಂಬ ಪುಕ್ಕಟೆ ಆ್ಯಪ್ ಇದೆ. ಪ್ರತಿ ಮಾದರಿಗೆ ಮೊದಲ ಮತ್ತು ಕೊನೆಯ ಓಎಸ್ ಯಾವುದು ಎಂದು ಅದರಲ್ಲಿ ನೇರವಾಗಿ ಬರೆದಿದೆ.

ಆ್ಯಪ್ ಸ್ಟೋರ್‌ನಲ್ಲಿ ಹುಡುಕಿದರೂ ಕಾಣುತ್ತಿಲ್ಲ

ಕಾಣುವುದಿಲ್ಲ, ಅದು ಇರುವುದೇ ಹಾಗೆ. ಹಳೆಯ ಆವೃತ್ತಿಗಳನ್ನು ಆಪಲ್ ಹುಡುಕಾಟದಲ್ಲಿ ತೋರಿಸುವುದಿಲ್ಲ. ನೇರ ಕೊಂಡಿ ಬೇಕು. ಆ ಕೊಂಡಿಗಳು ಆಪಲ್‌ನ ಸಹಾಯ ಪುಟದಲ್ಲಿವೆ. ಮ್ಯಾಕ್‌ಓಎಸ್ ಇಳಿಸಿಕೊಂಡು ಹಾಕುವುದು ಹೇಗೆ ಎಂಬ ಪುಟ ಅದು. ಅದನ್ನು ಸಫಾರಿಯಲ್ಲೇ ತೆರೆಯಿರಿ. ಬೇರೆ ಬ್ರೌಸರ್‌ನಲ್ಲಿ ಆ್ಯಪ್ ಸ್ಟೋರ್ ಕೊಂಡಿ ಕೆಲವೊಮ್ಮೆ ಸುಮ್ನೆ ಕೂತುಬಿಡುತ್ತದೆ.

ಆ ಪುಟದಲ್ಲಿ ಎರಡು ಬಗೆ ಇವೆ. ಹೈ ಸಿಯೆರಾ ಮತ್ತು ಅದರ ನಂತರದವು ಆ್ಯಪ್ ಸ್ಟೋರ್ ಮೂಲಕ ಬರುತ್ತವೆ. ಸಿಯೆರಾ, ಎಲ್ ಕ್ಯಾಪಿಟನ್, ಯೊಸೆಮಿಟಿ, ಮೌಂಟನ್ ಲಯನ್, ಲಯನ್ ಇವು ಡಿಸ್ಕ್ ಇಮೇಜ್ ಆಗಿ, ಅಂದರೆ ಇಡೀ ಡಿಸ್ಕನ್ನು ಕಟ್ಟಿಟ್ಟ ಒಂದೇ ಫೈಲಾಗಿ, ನೇರವಾಗಿ ಇಳಿಯುತ್ತವೆ. ಕೊನೆಯ ಎರಡಕ್ಕೆ ಮೊದಲು ದುಡ್ಡು ಕೊಡಬೇಕಿತ್ತು. 2021ರಲ್ಲಿ ಅವೂ ಪುಕ್ಕಟೆಯಾದವು.

ಪಟ್ಟಿಯಲ್ಲಿ ಇಲ್ಲದ ಒಂದೇ ಒಂದು 10.9 ಮ್ಯಾವರಿಕ್ಸ್. 2013ರಲ್ಲಿ ಬಂದ, ಮೊದಲ ಬಾರಿಗೆ ಪುಕ್ಕಟೆ ಕೊಟ್ಟ ಆವೃತ್ತಿಯೇ ಈಗ ಆ ಪುಟದಲ್ಲಿ ಇಲ್ಲ. ಆಗ ಅದನ್ನು ಇಳಿಸಿಕೊಂಡಿದ್ದ ಆಪಲ್ ಐಡಿ ನಿಮ್ಮದಾಗಿದ್ದರೆ ಆ್ಯಪ್ ಸ್ಟೋರ್‌ನ ಖರೀದಿ ಪಟ್ಟಿಯಲ್ಲಿ ಹುಡುಕಿ. ಇಲ್ಲವೇ ಮ್ಯಾವರಿಕ್ಸ್ ಜೊತೆಗೇ ಮಾರಾಟವಾದ ಮ್ಯಾಕ್ ಇದ್ದರೆ ಅದರ ಇಂಟರ್ನೆಟ್ ರಿಕವರಿಯಲ್ಲಿ, ಅಂದರೆ ಆನ್ ಮಾಡುವಾಗಲೇ ನೆಟ್ ಮೂಲಕ ಆಪಲ್‌ನಿಂದ ಓಎಸ್ ತರಿಸುವ ವ್ಯವಸ್ಥೆಯಲ್ಲಿ, ಪ್ರಯತ್ನಿಸಿ. ಇವೆರಡೂ ಇಲ್ಲದಿದ್ದರೆ ನನ್ನ ಸಲಹೆ, ಅದರ ಬೆನ್ನು ಬೀಳಬೇಡಿ. ಮ್ಯಾವರಿಕ್ಸ್‌ನಲ್ಲೇ ಓಡುವ, ಯೊಸೆಮಿಟಿಯಲ್ಲಿ ಓಡದ ತಂತ್ರಾಂಶ ತೀರಾ ಕಡಿಮೆ.

ಸ್ನೋ ಲೆಪರ್ಡ್‌ನ ದಾರಿಯೇ ಬೇರೆ. ಅದು ಡಿವಿಡಿ ಕಾಲದ್ದು. ಡಿವಿಡಿ ಕೊಳ್ಳುವಾಗ ಬಣ್ಣ ನೋಡಿ. ಬೂದು ಬಣ್ಣದ ಡಿಸ್ಕ್ ಒಂದು ನಿರ್ದಿಷ್ಟ ಮಾದರಿಯ ಜೊತೆ ಬಂದದ್ದು, ಬೇರೆ ಮಾದರಿಯಲ್ಲಿ ಹಾಕಿದರೆ ಒಪ್ಪುವುದಿಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಮಾರಿದ ಡಿಸ್ಕ್‌ನ ಮೇಲೆ ಹಿಮಚಿರತೆಯ ಚಿತ್ರ ಇರುತ್ತದೆ. ಅದರಲ್ಲಿರುವುದು 10.6.0 ಇಲ್ಲವೇ 10.6.3. 2011ರ ಐಮ್ಯಾಕ್‌ಗೆ ಇದರಿಂದ ಬೂಟ್ ಆಗುವುದಿಲ್ಲ, ಏಕೆಂದರೆ ಆ ಯಂತ್ರ 10.6.6ರಿಂದ ಶುರುವಾಗುತ್ತದೆ. ಅದಕ್ಕೆ ಅದರದೇ ಬೂದು ಡಿಸ್ಕ್ ಬೇಕು. ಡಿಸ್ಕ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ಕೊಳ್ಳುವ ಮೊದಲು ಇದನ್ನು ನೆನಪಿಡಿ.

ಹಳೆಯ ಮ್ಯಾಕ್‌ನಲ್ಲಿ ಪುಟಗಳೇ ತೆರೆಯುತ್ತಿಲ್ಲ

ಎಲ್ ಕ್ಯಾಪಿಟನ್ ಅಥವಾ ಅದಕ್ಕಿಂತ ಹಳೆಯದರಲ್ಲಿ ಸಫಾರಿ "ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ" ಎಂದು ಒಂದಾದ ಮೇಲೊಂದು ಸೈಟ್‌ಗೆ ಹೇಳುತ್ತದೆ. ನೆಟ್ ಕೆಟ್ಟಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಸರ್ಟಿಫಿಕೇಟ್ (ಸೈಟಿನ ಗುರುತುಪತ್ರ) ಬಳಸುವ ಸೈಟ್‌ಗಳು ನೆಚ್ಚಿಕೊಂಡಿದ್ದ ಹಳೆಯ ಮೂಲ ಸರ್ಟಿಫಿಕೇಟ್‌ನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಬದಲಿಗೆ ಬಂದ ಹೊಸ ಸರ್ಟಿಫಿಕೇಟನ್ನು ಆಪಲ್ 10.12.1ರಿಂದ ಈಚೆಗೆ ಮಾತ್ರ ಸೇರಿಸಿದೆ. ಹಾಗಾಗಿ ಹಳೆಯ ಸಫಾರಿಗೆ ಈ ಸೈಟ್‌ಗಳ ಗುರುತೇ ಸಿಗುವುದಿಲ್ಲ.

ಸುಲಭದ ದಾರಿ ಫೈರ್‌ಫಾಕ್ಸ್. ಅದು ಸರ್ಟಿಫಿಕೇಟ್ ಪಟ್ಟಿಯನ್ನು ತನ್ನ ಜೊತೆಗೇ ತರುತ್ತದೆ, ಓಎಸ್‌ನ ಪಟ್ಟಿಯನ್ನು ನಂಬಿ ಕೂರುವುದಿಲ್ಲ. 10.9ರಿಂದ 10.11ರವರೆಗಿನ ಯಂತ್ರಗಳಿಗೆ ಫೈರ್‌ಫಾಕ್ಸ್ 78ರ ದೀರ್ಘಾವಧಿ ಆವೃತ್ತಿ ಹಾಕಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಇಳಿಸುವ ಕೆಲಸವನ್ನೇ ಇನ್ನೊಂದು ಯಂತ್ರದಲ್ಲಿ ಮಾಡಿ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತರುವುದು. ಡಿಸ್ಕ್ ಇಮೇಜ್‌ಗಳನ್ನು ವಿಂಡೋಸ್ ಕಂಪ್ಯೂಟರ್‌ನಲ್ಲೂ ಇಳಿಸಬಹುದು.

"ಕೇಳಿದ ಆವೃತ್ತಿ ಲಭ್ಯವಿಲ್ಲ" ಅನ್ನುತ್ತದೆ, ಇಲ್ಲವೇ 20 ಎಂಬಿ ಮಾತ್ರ ಇಳಿಯುತ್ತದೆ

ಮೊದಲನೆಯದು ನೀವು ಕೂತಿರುವ ಯಂತ್ರದ ಸಮಸ್ಯೆ. ಎಂ1 ಅಥವಾ ಅದಕ್ಕಿಂತ ಹೊಸ ಚಿಪ್‌ನ ಮ್ಯಾಕ್‌ನಲ್ಲಿ ಕೂತು ಹೈ ಸಿಯೆರಾ ಕೇಳಿದರೆ, "ಇದು ನಿನಗೆ ಆಗುವುದಿಲ್ಲ" ಅನ್ನುವುದನ್ನೇ ಆ್ಯಪ್ ಸ್ಟೋರ್ "ಲಭ್ಯವಿಲ್ಲ" ಎಂದು ಹೇಳುತ್ತದೆ. ಈ ಮಾತಿನಿಂದ ಮೋಸ ಹೋದವರು ಬಹಳ. ಆ ಆವೃತ್ತಿ ಓಡಬಲ್ಲ ಇಂಟೆಲ್ ಮ್ಯಾಕ್‌ನಲ್ಲಿ ಕೇಳಿ ನೋಡಿ, ಬರುತ್ತದೆ.

ಎರಡನೆಯದು ಹೈ ಸಿಯೆರಾದಲ್ಲಿ ಜಾಸ್ತಿ. ಪೂರ್ತಿ ಇನ್‌ಸ್ಟಾಲರ್ 5.2 ಜಿಬಿ ಹತ್ತಿರ ಇರಬೇಕು. ಬಂದಿರುವುದು 20 ಎಂಬಿ ಆಸುಪಾಸಿನದ್ದಾದರೆ ಅದು ಬರೀ ತಲೆಭಾಗ. ಉಳಿದದ್ದನ್ನು ಹಾಕುವಾಗ ನೆಟ್‌ನಿಂದ ತರುತ್ತೇನೆ ಅನ್ನುವ ತುಂಡು. ಇದರಿಂದ ಪೆನ್‌ಡ್ರೈವ್ ಮಾಡಲು ಬರುವುದಿಲ್ಲ. ಹಾಗಾಗಿ ಇಳಿದ ತಕ್ಷಣ ಅಪ್ಲಿಕೇಶನ್ಸ್ ಫೋಲ್ಡರ್‌ಗೆ ಹೋಗಿ ಅಳತೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಈ ಎರಡೂ ತೊಂದರೆಗೆ ಒಂದೇ ಮದ್ದು ಇದೆ. ಮಿಸ್ಟ್ ಮತ್ತು ಗಿಬ್‌ಮ್ಯಾಕ್‌ಓಎಸ್ ಎಂಬ ಎರಡು ಮುಕ್ತ ತಂತ್ರಾಂಶಗಳಿವೆ. ಇವು ಫೈಲನ್ನು ತಮ್ಮಲ್ಲಿ ಇಟ್ಟುಕೊಂಡಿಲ್ಲ. ಆಪಲ್‌ನ ಅಪ್‌ಡೇಟ್ ಸರ್ವರ್‌ನ ಪಟ್ಟಿ ಓದಿ, ಅಲ್ಲಿಂದಲೇ ಪೂರ್ತಿ ಇನ್‌ಸ್ಟಾಲರ್ ತರುತ್ತವೆ. ಯಾರೋ ಏರಿಸಿಟ್ಟ ಫೈಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಓಎಸ್ ಎಂದರೆ ನಿಮ್ಮ ಪಾಸ್‌ವರ್ಡ್, ಫೈಲು, ಕೀಬೋರ್ಡ್ ಎಲ್ಲವನ್ನೂ ಕಾಣುವ ವಸ್ತು. ಅದನ್ನು ಗುರುತಿಲ್ಲದವರ ಕೈಯಿಂದ ತೆಗೆದುಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಈಗಾಗಲೇ ತಂದುಬಿಟ್ಟಿದ್ದರೆ, ಪ್ಯಾಕೇಜ್ ಫೈಲ್ ತೆರೆದಾಗ ಕಿಟಕಿಯ ಬಲ ಮೇಲ್ಮೂಲೆಯಲ್ಲಿ ಬೀಗದ ಚಿತ್ರ ಬರುತ್ತದೆಯೇ ನೋಡಿ. ಅದನ್ನು ಒತ್ತಿದರೆ ಸಹಿ ಯಾರದ್ದು ಎಂದು ಕಾಣುತ್ತದೆ. ಆಪಲ್‌ನದ್ದಲ್ಲದಿದ್ದರೆ, ಸಹಿಯೇ ಇಲ್ಲದಿದ್ದರೆ, ಅಲ್ಲಿಗೇ ಬಿಟ್ಟುಬಿಡಿ.

"ರಿಕವರಿ ಸರ್ವರ್ ಸಂಪರ್ಕಿಸಲು ಆಗಲಿಲ್ಲ"

ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಹಿಂದಿನ ಯಜಮಾನರು ಡಿಸ್ಕ್ ಪೂರ್ತಿ ಅಳಿಸಿ ಮಾರಿರುತ್ತಾರೆ. ಒಳಗೆ ಓಎಸ್ ಇಲ್ಲ. ಇರುವ ದಾರಿ ರಿಕವರಿ ಒಂದೇ. ಅದೂ ಕೈಕೊಟ್ಟರೆ ಯಂತ್ರ ಸತ್ತಿತು ಅಂದುಕೊಳ್ಳುತ್ತಾರೆ.

ಮೊದಲು ಯಾವ ಕೀಲಿಗಳನ್ನು ಒತ್ತುತ್ತಿದ್ದೀರಿ ನೋಡಿ. ಇಂಟೆಲ್ ಮ್ಯಾಕ್ ಆನ್ ಮಾಡುವಾಗ ಕಮಾಂಡ್ ಮತ್ತು ಆರ್ ಒತ್ತಿದರೆ ಕೊನೆಗೆ ಆ ಯಂತ್ರದಲ್ಲಿದ್ದ ಆವೃತ್ತಿ ಬರುತ್ತದೆ. ಆಪ್ಷನ್, ಕಮಾಂಡ್, ಆರ್ ಒತ್ತಿದರೆ ಅದಕ್ಕೆ ಆಗುವ ಅತಿ ಹೊಸದು. ಶಿಫ್ಟ್, ಆಪ್ಷನ್, ಕಮಾಂಡ್, ಆರ್ ನಾಲ್ಕೂ ಒತ್ತಿದರೆ ಕಾರ್ಖಾನೆಯಿಂದ ಬಂದದ್ದು, ಅಥವಾ ಈಗ ಸಿಗುವುದರಲ್ಲಿ ಅದಕ್ಕೆ ಹತ್ತಿರದ್ದು. ಈ ವಿಂಗಡಣೆ ಬಂದದ್ದು ಸಿಯೆರಾ 10.12.4ರಿಂದ. ಅಷ್ಟು ಹೊಸದನ್ನು ಯಾವತ್ತೂ ಕಾಣದ ಯಂತ್ರದಲ್ಲಿ ಆಪ್ಷನ್, ಕಮಾಂಡ್, ಆರ್ ಒತ್ತಿದರೂ ಹಳೆಯದೇ ಬರುತ್ತದೆ. ನಿಮಗೆ ಬೇಕಾದದ್ದು ಹಳೆಯದೇ ಆಗಿದ್ದರೆ ಇದು ಒಳ್ಳೆಯದೇ, ಅಲ್ವಾ?

ತಿರುಗುವ ಭೂಗೋಳದ ಬದಲು ಎಚ್ಚರಿಕೆಯ ತ್ರಿಕೋನ ಬಂದು, ಕೆಳಗೆ 2002 ಎಫ್ ಅಥವಾ 2100 ಎಫ್ ತರಹದ ಸಂಖ್ಯೆ ಕಂಡರೆ ಅದು ನೆಟ್‌ವರ್ಕ್ ತೊಂದರೆ. ಇನ್ನೂ ರಿಕವರಿಯ ಬಾಗಿಲಿಗೇ ತಲುಪಿಲ್ಲ ಎಂದರ್ಥ. ವೈಫೈ ಸೇರಿದ ಮೇಲೆ ಬ್ರೌಸರ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೇಳುವ ಸಂಪರ್ಕಗಳು ಇಲ್ಲಿ ಕೆಲಸ ಮಾಡುವುದಿಲ್ಲ. ಹಾಸ್ಟೆಲ್, ಆಫೀಸು, ಕೆಲವು ಕೇಬಲ್ ನೆಟ್ ಎಲ್ಲ ಹೀಗೆಯೇ ಇರುತ್ತವೆ. ರಿಕವರಿಯಲ್ಲಿ ಆ ಪುಟ ತೆರೆಯಲು ಜಾಗವೇ ಇಲ್ಲ. ಫೋನ್ ಹಾಟ್‌ಸ್ಪಾಟ್ ಹಾಕಿ ನೋಡಿ. ಹಾಟ್‌ಸ್ಪಾಟ್‌ನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯುಪಿಎ2ಕ್ಕೆ ಇಳಿಸಿ. ಹಳೆಯ ಮ್ಯಾಕ್‌ಗೆ 3 ಗೊತ್ತಿಲ್ಲ. ಹಲವು ಜಿಬಿ ಇಳಿಯುತ್ತದೆ, ದಿನದ ಡೇಟಾ ಮಿತಿ ನೋಡಿಕೊಂಡು ಶುರುಮಾಡಿ.

ರಿಕವರಿ ಪರದೆ ಬಂದಿದೆ, ವೈಫೈ ಸೇರಿದೆ, ಆದರೂ ಇನ್‌ಸ್ಟಾಲ್ ಒತ್ತಿದ ಮೇಲೆ ಸರ್ವರ್ ಸಿಗುತ್ತಿಲ್ಲ ಅನ್ನುತ್ತದೆಯೇ? ಆಗ ನೋಡಬೇಕಾದ್ದು ಗಡಿಯಾರ. ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದ ಮ್ಯಾಕ್‌ಬುಕ್, ಒಳಗಿನ 2032 ಕಾಯಿನ್ ಸೆಲ್ ಸತ್ತ ಐಮ್ಯಾಕ್ ಎರಡೂ 2001ರ ಜನವರಿ 1ಕ್ಕೆ ಹಿಂದಿರುಗುತ್ತವೆ. ಸರ್ವರ್ ತೋರಿಸುವ ಸರ್ಟಿಫಿಕೇಟ್ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಹೇಳುತ್ತದೆ. ಯಂತ್ರದ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ. ಹಾಗಾಗಿ ಸರ್ವರನ್ನೇ ನಂಬದೆ ಬಾಗಿಲು ಹಾಕುತ್ತದೆ. ಪರದೆಯ ಮೇಲೆ ಮಾತ್ರ ದಿನಾಂಕದ ಸುದ್ದಿಯೇ ಇರುವುದಿಲ್ಲ.

ಯುಟಿಲಿಟೀಸ್ ಮೆನುವಿನಿಂದ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ತೆರೆಯಿರಿ. ಡೇಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು ಎಂಟರ್ ಒತ್ತಿ. ಬಂದ ದಿನ ತಪ್ಪಿದ್ದರೆ, ಅದೇ ಪದ ಬರೆದು ಒಂದು ಜಾಗ ಬಿಟ್ಟು ಹತ್ತು ಅಂಕಿ ಕೊಡಿ. ತಿಂಗಳು, ದಿನ, ಗಂಟೆ, ನಿಮಿಷ, ವರ್ಷ, ಹೀಗೆ ಎರಡೆರಡು. 2018ರ ಜೂನ್ 1 ಮಧ್ಯಾಹ್ನ 12 ಗಂಟೆ ಅಂದರೆ 0601120018. ಇದು ಕ್ರಮ ತೋರಿಸಲು ಕೊಟ್ಟ ಉದಾಹರಣೆ. ರಿಕವರಿಗೆ ಇವತ್ತಿನ ದಿನಾಂಕವೇ ಬೇಕು. ತಿಂಗಳು ಮೊದಲು, ದಿನ ಆಮೇಲೆ ಎನ್ನುವುದನ್ನು ಮರೆಯಬೇಡಿ. ನಮ್ಮ ಅಭ್ಯಾಸ ಅದರ ತಿರುಗಾಮುರುಗಾ.

ದಿನಾಂಕ ಸರಿ ಇದ್ದೂ ಅದೇ ಸಂದೇಶ ಬಂದರೆ, ಅದರಲ್ಲೂ ಹೈ ಸಿಯೆರಾ ರಿಕವರಿಯಲ್ಲಿ, ಕಾರಣ ಇನ್ನೊಂದು. ಆ ಹಳೆಯ ರಿಕವರಿ ಆಪಲ್‌ನ ಇನ್‌ಸ್ಟಾಲರ್‌ಗಳ ಪಟ್ಟಿಯನ್ನು (ಕ್ಯಾಟಲಾಗ್) ಎಚ್‌ಟಿಟಿಪಿಎಸ್ ವಿಳಾಸದಲ್ಲಿ ಕೇಳುತ್ತದೆ, ಇವತ್ತಿನ ಸರ್ವರ್ ಜೊತೆ ಅದರ ಭದ್ರತಾ ಮಾತುಕತೆ ಹೊಂದುವುದಿಲ್ಲ. ಇದನ್ನು ಊಹಿಸಬೇಕಿಲ್ಲ, ಕಣ್ಣಾರೆ ನೋಡಬಹುದು. ದೋಷದ ಸಂದೇಶ ಇರುವಾಗಲೇ ಕಮಾಂಡ್ ಮತ್ತು ಎಲ್ ಒತ್ತಿ. ಇನ್‌ಸ್ಟಾಲರ್ ಲಾಗ್, ಅಂದರೆ ಒಳಗೆ ನಡೆದದ್ದರ ದಾಖಲೆ, ತೆರೆಯುತ್ತದೆ. ಎಲ್ಲ ದಾಖಲೆ ತೋರಿಸು ಎಂದು ಆರಿಸಿಕೊಂಡು, ಕ್ಯಾಟಲಾಗ್ ಇಳಿಸಲು ಆಗಲಿಲ್ಲ ಎಂಬ ಸಾಲು ಹುಡುಕಿ. ಅಲ್ಲೇ ಉದ್ದದ ವಿಳಾಸ ಇರುತ್ತದೆ. ಅದನ್ನು ನಕಲು ಮಾಡಿಕೊಳ್ಳಿ. ಟರ್ಮಿನಲ್‌ನಲ್ಲಿ ಎನ್‌ವಿರ್‍ಯಾಮ್ (nvram) ಕಮಾಂಡ್ ಬಳಸಿ, ಐಎಎಸ್‌ಯುಕ್ಯಾಟಲಾಗ್‌ಯುಆರ್‌ಎಲ್ (IASUCatalogURL) ಎಂಬ ಹೆಸರಿಗೆ, ನಡುವೆ = ಹಾಕಿ, ಆ ವಿಳಾಸವನ್ನು ಕೊಡಿ. ಆದರೆ ಎಚ್‌ಟಿಟಿಪಿಎಸ್‌ನ ಕೊನೆಯ ಎಸ್ ತೆಗೆದು. ಹೆಸರಿನ ನಡುವೆ ಜಾಗ ಬಿಡಬಾರದು, ಮೊದಲ ಐದು ಅಕ್ಷರ ಮತ್ತು ಕೊನೆಯ ಮೂರು ದೊಡ್ಡಕ್ಷರ, ನಡುವಿನ ಕ್ಯಾಟಲಾಗ್ ಪದದಲ್ಲಿ ಉಳಿದವು ಸಣ್ಣಕ್ಷರ. ಟರ್ಮಿನಲ್ ಮುಚ್ಚಿ ಮತ್ತೆ ಇನ್‌ಸ್ಟಾಲ್ ಒತ್ತಿ.

ಲಾಗ್ ಓದುವ ಅಭ್ಯಾಸ ಒಂದನ್ನು ನೀವು ಈ ಬರಹದಿಂದ ತೆಗೆದುಕೊಂಡರೂ ಸಾಕು. ಪರದೆಯ ಸಂದೇಶ ಎಲ್ಲ ದೋಷಕ್ಕೂ ಒಂದೇ ಮಾತು ಹೇಳುತ್ತದೆ. ಲಾಗ್ ಮಾತ್ರ ಯಾವ ವಿಳಾಸ, ಯಾವ ಸರ್ಟಿಫಿಕೇಟ್, ಯಾವ ಫೈಲ್ ಎಂದು ಹೆಸರು ಹೇಳುತ್ತದೆ.

ರಿಕವರಿಯಲ್ಲಿ ಇನ್ನೊಂದು ಸಂದೇಶ ಬರುತ್ತದೆ: "ಇದು ತಾತ್ಕಾಲಿಕವಾಗಿ ಲಭ್ಯವಿಲ್ಲ, ಆಮೇಲೆ ಪ್ರಯತ್ನಿಸಿ." ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಬರುವುದಿಲ್ಲ. ಲಯನ್‌ನಿಂದ ಎಲ್ ಕ್ಯಾಪಿಟನ್‌ವರೆಗಿನ ರಿಕವರಿ ಆಪಲ್ ಐಡಿ ಕೇಳುತ್ತದೆ, ಆ ಐಡಿ ಆ ಆವೃತ್ತಿಯನ್ನು ಹಿಂದೆ ಪಡೆದಿರಬೇಕು ಎಂದು ನಿರೀಕ್ಷಿಸುತ್ತದೆ. ನಿಮ್ಮದು ಹೊಸ ಐಡಿ ಆದರೆ ಅಲ್ಲಿ ಕಾಯುವುದು ಬೇಡ. ಡಿಸ್ಕ್ ಇಮೇಜ್ ಇಳಿಸಿ ಪೆನ್‌ಡ್ರೈವ್ ಮಾಡಿ. ಸಿಯೆರಾದಿಂದ ಈಚೆಗೆ ಈ ಐಡಿಯ ಕಾಟ ಇಲ್ಲ. ಪಾಸ್‌ವರ್ಡ್ ಸರಿ ಇದ್ದೂ ತಪ್ಪು ಅನ್ನುತ್ತಿದ್ದರೆ, ಫೋನ್‌ಗೆ ಬಂದ ಆರು ಅಂಕಿಯ ಕೋಡನ್ನು ಪಾಸ್‌ವರ್ಡ್‌ನ ಹಿಂದೆಯೇ ಅಂಟಿಸಿ ಬರೆಯಿರಿ. ಹಳೆಯ ಓಎಸ್‌ನಲ್ಲಿ ಕೋಡ್ ಹಾಕಲು ಬೇರೆ ಪೆಟ್ಟಿಗೆ ಇಲ್ಲ.

"ಈ ಇನ್‌ಸ್ಟಾಲರ್ ಹಾಳಾಗಿದೆ, ಬಳಸಲು ಆಗುವುದಿಲ್ಲ"

ಹಾರ್ಡ್ ಡಿಸ್ಕ್‌ನಲ್ಲಿ ಜೋಪಾನವಾಗಿ ಇಟ್ಟಿದ್ದ ಹಳೆಯ ಇನ್‌ಸ್ಟಾಲರ್ ಹೀಗೆ ಹೇಳಿದರೆ ಎದೆ ಧಸಕ್ಕೆನ್ನುತ್ತದೆ. ಫೈಲ್ ಹಾಳಾಗಿರುವುದಿಲ್ಲ. ಅದರ ಮೇಲಿನ ಸಹಿಯ ಅವಧಿ ಮುಗಿದಿದೆ. ಆಪಲ್ ಹಳೆಯ ಇನ್‌ಸ್ಟಾಲರ್‌ಗಳಿಗೆ ಹಾಕಿದ್ದ ಸರ್ಟಿಫಿಕೇಟ್ 2019ರ ಅಕ್ಟೋಬರ್ 24ಕ್ಕೆ ಮುಗಿಯಿತು. ಆಮೇಲೆ ಆಪಲ್ ಹೊಸ ಸಹಿ ಹಾಕಿ ಅವನ್ನೇ ಮತ್ತೆ ಬಿಡುಗಡೆ ಮಾಡಿತು. ಅಂದರೆ 2019ರ ಅಕ್ಟೋಬರ್‌ಗೆ ಮೊದಲು ಇಳಿಸಿಟ್ಟ ಪ್ರತಿಗಳಿಗೆ ಮಾತ್ರ ಈ ರೋಗ.

ಒಳ್ಳೆಯ ಪರಿಹಾರ ಹೊಸದಾಗಿ ಇಳಿಸುವುದು. ನೆಟ್ ನಿಧಾನ ಇದ್ದು ಹಳೆಯ ಪ್ರತಿಯನ್ನೇ ಬಳಸಬೇಕಾದರೆ, ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ. ಆ ಓಎಸ್ ಬಂದ ನಂತರದ, 2019ರ ಅಕ್ಟೋಬರ್‌ಗೆ ಮೊದಲಿನ ಒಂದು ದಿನ ಕೊಡಿ. ಹೈ ಸಿಯೆರಾಗೆ ಮೇಲಿನ 2018ರ ಜೂನ್ ಉದಾಹರಣೆ ಹೊಂದುತ್ತದೆ. ವೈಫೈ ಆಫ್ ಮಾಡಿಡಿ. ಇಲ್ಲದಿದ್ದರೆ ಗಡಿಯಾರ ತಾನಾಗಿಯೇ ಸರಿಹೋಗಿ ಮತ್ತೆ ಮೊದಲಿಗೇ ಬರುತ್ತೀರಿ.

ಇಲ್ಲಿ ಗೊಂದಲ ಆಗುವುದು ಸಹಜ. ನೆಟ್‌ನಲ್ಲಿ ಒಬ್ಬರು ದಿನಾಂಕ ಇವತ್ತಿನದಿರಲಿ ಅನ್ನುತ್ತಾರೆ, ಇನ್ನೊಬ್ಬರು ಹಿಂದಕ್ಕೆ ಹಾಕಿ ಅನ್ನುತ್ತಾರೆ. ಇಬ್ಬರೂ ಸರಿ. ನೆಟ್‌ನಿಂದ ಹಾಕುವಾಗ ಮತ್ತು ಹೊಸದಾಗಿ ಇಳಿಸಿದ ಪ್ರತಿಗೆ ಇವತ್ತಿನ ದಿನಾಂಕ. 2019ರ ಅಕ್ಟೋಬರ್‌ಗೆ ಮೊದಲಿನ ಪ್ರತಿಗೆ ಹಳೆಯ ದಿನಾಂಕ. ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡರೆ ಮುಗಿಯಿತು.

ಪೆನ್‌ಡ್ರೈವ್ ಆಗುತ್ತಿಲ್ಲ

ಇನ್‌ಸ್ಟಾಲರ್‌ನ ಒಳಗೇ ಕ್ರಿಯೇಟ್‌ಇನ್‌ಸ್ಟಾಲ್‌ಮೀಡಿಯಾ (createinstallmedia) ಎಂಬ ಸಾಧನ ಇದೆ, ಮ್ಯಾವರಿಕ್ಸ್‌ನಿಂದ ಮುಂದಿನ ಎಲ್ಲದರಲ್ಲೂ. ಅದನ್ನೇ ಬಳಸಿ. ಡ್ರೈವನ್ನು ಮೊದಲು ಡಿಸ್ಕ್ ಯುಟಿಲಿಟಿಯಲ್ಲಿ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಜರ್ನಲ್ಡ್ ಎಂದು ಅಳಿಸಿಕೊಳ್ಳಿ. ಸ್ಕೀಮ್, ಅಂದರೆ ಡ್ರೈವನ್ನು ಭಾಗ ಮಾಡುವ ಬಗೆ, ಜಿಯುಐಡಿ ಆಗಿರಬೇಕು. ಅಂಗಡಿಯಿಂದ ತಂದ ಡ್ರೈವ್‌ಗಳು ಸಾಮಾನ್ಯವಾಗಿ ಎಂಬಿಆರ್ ಸ್ಕೀಮ್‌ನಲ್ಲಿ ಇರುತ್ತವೆ. ಸ್ಕೀಮ್ ಬದಲಿಸುವ ಆಯ್ಕೆ ಕಾಣದಿದ್ದರೆ ನೀವು ಆರಿಸಿರುವುದು ಡ್ರೈವ್ ಅಲ್ಲ, ಅದರೊಳಗಿನ ಭಾಗ. ವ್ಯೂ ಮೆನುವಿನಲ್ಲಿ ಎಲ್ಲ ಸಾಧನ ತೋರಿಸು ಎಂದು ಹಾಕಿ, ಮೇಲಿನ ಸಾಲನ್ನು ಆರಿಸಿ.

ಎಲ್ ಕ್ಯಾಪಿಟನ್‌ನ ಡಿಸ್ಕ್ ಇಮೇಜ್ ತೆರೆದಾಗ ಒಳಗೆ ಒಂದು ಪ್ಯಾಕೇಜ್ ಮಾತ್ರ ಇರುತ್ತದೆ. ಅದನ್ನೇ ಪೆನ್‌ಡ್ರೈವ್‌ಗೆ ನಕಲು ಮಾಡಿ ಬೂಟ್ ಆಗುತ್ತಿಲ್ಲ ಅನ್ನುವವರಿದ್ದಾರೆ. ಆ ಪ್ಯಾಕೇಜ್ ಓಡಿಸಿದರೆ ಓಎಸ್ ಬದಲಾಗುವುದಿಲ್ಲ, ಹೆದರಬೇಡಿ. ಅದು ಅಪ್ಲಿಕೇಶನ್ಸ್ ಫೋಲ್ಡರ್‌ನಲ್ಲಿ ನಿಜವಾದ ಇನ್‌ಸ್ಟಾಲರನ್ನು ಇಡುತ್ತದೆ, ಅಷ್ಟೇ. ಹೊಂದದ ಯಂತ್ರದಲ್ಲಿ ಓಡಿಸಿದರೆ ಒಪ್ಪುವುದಿಲ್ಲ. ಆದ್ದರಿಂದ ಆ ಕಾಲದ ಮ್ಯಾಕ್ ಒಂದನ್ನು ಯಾರಿಂದಾದರೂ ಎರವಲು ಪಡೆದು ಈ ಕೆಲಸ ಮಾಡುವುದೇ ಮೇಲು. ಆಪಲ್ ಚಿಪ್‌ನ ಮ್ಯಾಕ್‌ನಲ್ಲಿ ಹಳೆಯ ಕ್ರಿಯೇಟ್‌ಇನ್‌ಸ್ಟಾಲ್‌ಮೀಡಿಯಾವನ್ನು ವ್ಯವಸ್ಥೆಯೇ ಕೊಂದುಹಾಕುವುದೂ ಉಂಟು.

ಸಿಯೆರಾಗೆ ಅದರದೇ ಒಂದು ದೋಷ ಇದೆ. ಎಲ್ಲ ಸರಿ ಇದ್ದರೂ "ಇದು ಸರಿಯಾದ ಇನ್‌ಸ್ಟಾಲರ್ ಅಲ್ಲ" ಅನ್ನುತ್ತದೆ. ಇನ್‌ಸ್ಟಾಲರ್‌ನ ಒಳಗಿನ ಇನ್ಫೋ ಪಿ-ಲಿಸ್ಟ್ (Info.plist) ಫೈಲಿನಲ್ಲಿ ಆವೃತ್ತಿ 12.6.06 ಎಂದಿರುತ್ತದೆ. ಅದನ್ನು 12.6.03 ಎಂದು ತಿದ್ದಿದರೆ ಕೆಲಸ ಮಾಡುತ್ತದೆ. ಗೊತ್ತಿಲ್ಲದೆ ಇದ್ದರೆ ಯಾರಿಗೂ ಹೊಳೆಯುವ ವಿಷಯವಲ್ಲ.

ಟಿ2 ಎಂಬ ಆಪಲ್‌ನ ಭದ್ರತಾ ಚಿಪ್ ಇರುವ ಇಂಟೆಲ್ ಮ್ಯಾಕ್‌ಗಳಲ್ಲಿ ಸರಿಯಾದ ಪೆನ್‌ಡ್ರೈವ್ ಕೂಡ ಬೂಟ್ ಆಗುವುದಿಲ್ಲ. ರಿಕವರಿಗೆ ಹೋಗಿ ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿಯಲ್ಲಿ ಹೊರಗಿನ ಡ್ರೈವ್‌ನಿಂದ ಬೂಟ್ ಆಗಲು ಅನುಮತಿ ಕೊಡಿ.

ಡಿಸ್ಕ್ ಕಾಣುತ್ತಿಲ್ಲ, ಇಲ್ಲವೇ ಅರ್ಧಕ್ಕೆ ನಿಲ್ಲುತ್ತದೆ

ಇನ್‌ಸ್ಟಾಲರ್ ಬಂದಿದೆ, ಹಾಕಲು ಡಿಸ್ಕೇ ತೋರಿಸುತ್ತಿಲ್ಲ. ಆ ಡಿಸ್ಕ್ ಎಪಿಎಫ್‌ಎಸ್ ಎಂಬ, ಹೊಸ ಮ್ಯಾಕ್‌ಓಎಸ್ ಬಳಸುವ ಫಾರ್ಮ್ಯಾಟ್‌ನಲ್ಲಿ ಇರಬಹುದು. ಎಲ್ ಕ್ಯಾಪಿಟನ್ ಮತ್ತು ಹಿಂದಿನವಕ್ಕೆ ಅದು ಏನೆಂದೇ ತಿಳಿಯದು. ಬೇಕಾದದ್ದನ್ನೆಲ್ಲ ಬ್ಯಾಕಪ್ ಮಾಡಿಕೊಂಡು, ಇಡೀ ಡಿಸ್ಕನ್ನು ಎಕ್ಸ್‌ಟೆಂಡೆಡ್ ಜರ್ನಲ್ಡ್ ಆಗಿ ಅಳಿಸಿ. ಬೇರೆ ಕಂಪನಿಯ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಡ್ರೈವ್ ಹಾಕಿದ ಯಂತ್ರವಾದರೆ ಹೈ ಸಿಯೆರಾಕ್ಕಿಂತ ಕೆಳಗಿನವು ಅದನ್ನು ಕಾಣುವುದಿಲ್ಲ. ಅಳಿಸಿ ಪ್ರಯೋಜನವಿಲ್ಲ. ಹೈ ಸಿಯೆರಾ ಹಾಕುವಾಗ ಫರ್ಮ್‌ವೇರ್ (ಯಂತ್ರದ ಒಳಗೇ ಕೂತ ಮೂಲ ತಂತ್ರಾಂಶ) ಪರಿಶೀಲನೆಯಲ್ಲಿ ತಪ್ಪಾಯಿತು ಎಂದು ಬಂದರೂ ಇದೇ ಕಡೆ ನೋಡಿ. ಯಂತ್ರದ ಮೂಲ ಆಪಲ್ ಡ್ರೈವನ್ನು ಸ್ವಲ್ಪ ಹೊತ್ತು ಮತ್ತೆ ಹಾಕಿ ಅದರಲ್ಲಿ ಹೈ ಸಿಯೆರಾ ಒಮ್ಮೆ ಹಾಕಿದರೆ ಫರ್ಮ್‌ವೇರ್ ಹೊಸದಾಗುತ್ತದೆ. ಆಮೇಲೆ ಬೇರೆ ಡ್ರೈವ್ ಹಾಕಿಕೊಳ್ಳಬಹುದು.

2012ರ ಮ್ಯಾಕ್‌ಬುಕ್ ಪ್ರೊದಲ್ಲಿ ಕೆಲಸ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಂತರೆ, ತಂತ್ರಾಂಶವನ್ನು ಬಿಟ್ಟು ಹಾರ್ಡ್ ಡಿಸ್ಕ್‌ನ ಕೇಬಲ್ ನೋಡಿ. ಆ ತೆಳು ಪಟ್ಟಿ ಕೇಬಲ್ ಈ ಮಾದರಿಯ ಹೆಸರಾಂತ ದುರ್ಬಲ ಭಾಗ. ಪರೀಕ್ಷೆ ಸುಲಭ. ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ, ಅದೇ ಪೆನ್‌ಡ್ರೈವ್‌ನಿಂದ ಅದರ ಮೇಲೆ ಇನ್‌ಸ್ಟಾಲ್ ಮಾಡಿ. ಸಲೀಸಾಗಿ ಮುಗಿದರೆ ಡಿಸ್ಕ್ ಚೆನ್ನಾಗಿದೆ, ಕೇಬಲ್ ಬದಲಿಸಬೇಕು. ಹೊಸ ಎಸ್‌ಎಸ್‌ಡಿ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ ಎಂದು ರಿಪೇರಿ ಅಂಗಡಿಯವರಿಗೂ ಹೇಳಿ.

ಎಲ್ಲ ಮುಗಿದ ಮೇಲೆ

ಹಳೆಯ ಓಎಸ್ ಬಂತು. ದಿನಾಂಕ ಹಿಂದಕ್ಕೆ ಹಾಕಿದ್ದರೆ ಈಗ ಸರಿಪಡಿಸಿ, ಇಲ್ಲದಿದ್ದರೆ ಯಾವ ಸೈಟೂ ತೆರೆಯುವುದಿಲ್ಲ. ಕ್ಯಾಟಲಾಗ್ ವಿಳಾಸ ಬದಲಿಸಿದ್ದರೆ ಅದನ್ನು ಹಾಗೇ ಬಿಡಬೇಡಿ. ಆನ್ ಮಾಡುವಾಗ ಆಪ್ಷನ್, ಕಮಾಂಡ್, ಪಿ, ಆರ್ ನಾಲ್ಕನ್ನೂ ಸುಮಾರು 20 ಸೆಕೆಂಡ್ ಒತ್ತಿ ಹಿಡಿದರೆ ಅದು ಅಳಿಸಿಹೋಗುತ್ತದೆ.

ಈ ಓಎಸ್‌ಗಳಿಗೆ ಭದ್ರತಾ ಅಪ್‌ಡೇಟ್ ನಿಂತು ವರ್ಷಗಳಾಗಿವೆ. ಬ್ಯಾಂಕಿನ ಕೆಲಸ, ಮುಖ್ಯ ಇಮೇಲ್ ಇದರಲ್ಲಿ ಬೇಡ. ಪುಟ ಕಟ್ಟುವ, ಸ್ಕ್ಯಾನರ್ ಓಡಿಸುವ ಯಂತ್ರಕ್ಕೆ ನೆಟ್ ಬೇಕಾಗುವುದೂ ಕಡಿಮೆ. ಕೆಲಸ ಇಲ್ಲದಾಗ ವೈಫೈ ಆಫ್ ಇರಲಿ. ಹೊಸ ಮ್ಯಾಕ್‌ನೊಳಗೆ ವರ್ಚುವಲ್ ಯಂತ್ರವಾಗಿ ಹಳೆಯದನ್ನು ಓಡಿಸೋಣ ಎಂದುಕೊಂಡಿದ್ದರೆ, ಆಪಲ್ ಚಿಪ್‌ನಲ್ಲಿ ಆ ದಾರಿ ಮಾಂಟೆರೆಯಿಂದ ಈಚಿನವಕ್ಕೆ ಮಾತ್ರ. ಮೊಹಾವಿ ಬೇಕಾದವರಿಗೆ ಇಂಟೆಲ್ ಮ್ಯಾಕೇ ಬೇಕು.

ಕೊನೆಯ ಕೆಲಸ ಒಂದಿದೆ. ಇಷ್ಟು ಕಷ್ಟಪಟ್ಟು ತಂದ ಇನ್‌ಸ್ಟಾಲರನ್ನು ಓಡಿಸುವ ಮೊದಲೇ ಬೇರೆ ಡ್ರೈವ್‌ಗೆ ನಕಲು ಮಾಡಿಡಿ, ಏಕೆಂದರೆ ಹಾಕಿದ ಮೇಲೆ ಅಪ್ಲಿಕೇಶನ್ಸ್ ಫೋಲ್ಡರ್‌ನಿಂದ ಅದು ತಾನೇ ಅಳಿದುಹೋಗುತ್ತದೆ. ಜೊತೆಗೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್ ಇಡಿ. ಯಾವ ಆವೃತ್ತಿ, ಯಾವ ದಿನ ಇಳಿಸಿದ್ದು, ಯಾವ ಮಾದರಿಗೆ ಹಾಕಿದ್ದು ಎಂದು ಅದರಲ್ಲಿ ಬರೆಯಿರಿ. ಮುಂದೆ ಆ ಪ್ರತಿಯ ಸಹಿಯ ಅವಧಿಯೂ ಮುಗಿದಾಗ, ಗಡಿಯಾರವನ್ನು ಯಾವ ದಿನಕ್ಕೆ ತಿರುಗಿಸಬೇಕು ಎಂದು ಆ ಇಳಿಸಿದ ದಿನಾಂಕದಿಂದಲೇ ಗೊತ್ತಾಗುತ್ತದೆ.